ವಲಲನೋ ಬಲ್ಲವನೋ: ಪ್ರತಿಯಿಂದ ಪ್ರತಿಗೆ ಬದಲಾಗುವ ಹೆಸರುಗಳಿಗೆ ಪಟ್ಟಿ ಮಾಡುವ ಬಗೆ

ಹೋದ ವರ್ಷ ಆಷಾಢ ಹುಟ್ಟಿ ಹತ್ತು ದಿನವಾದರೂ ಪಾಂಡವಪುರದ ಕಡೆ ಮಳೆ ಬಿದ್ದಿರಲಿಲ್ಲ. ನಮ್ಮೂರು ನಾಲೆಯ ಕೊನೇ ಭಾಗ. ಕನ್ನಂಬಾಡಿ ಕಟ್ಟೆ ತುಂಬಿದ ವರ್ಷವೂ ನಮ್ಮ ಗದ್ದೆಗೆ ನೀರು ತಲುಪುವುದು ಎಲ್ಲರದೂ ಮುಗಿದ ಮೇಲೆಯೇ. ಊರಿನವರು ವಾಡಿಕೆಯಂತೆ ಈಶ್ವರನ ಗುಡಿಯಲ್ಲಿ ವಿರಾಟಪರ್ವ ಓದಿಸುವುದೆಂದು ನಿಶ್ಚಯಿಸಿ, ಮೈಸೂರಿನಲ್ಲಿರುವ ನನಗೆ ಫೋನ್ ಮಾಡಿದರು. ನಮ್ಮಪ್ಪ ಗಮಕಿ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತಳಾದವಳು. ಅಪ್ಪನ ಕಂಠ ನನಗೆ ಬಂದಿಲ್ಲ, ಅವರ ಪುಸ್ತಕ ಬಂದಿದೆ.

ಪದ್ಯ ಓದುವುದು ನಾನು, ಅರ್ಥ ಹೇಳುವುದು ನನ್ನ ಚಿಕ್ಕಪ್ಪನ ಮಗ. ನನ್ನ ಮುಂದೆ ಕುಮಾರವ್ಯಾಸ. ಅವನ ಮುಂದೆ ಸಂಸ್ಕೃತದಿಂದ ಕನ್ನಡಕ್ಕೆ ತಂದ ಗದ್ಯಭಾರತ. ವಿರಾಟನ ಅಡುಗೆಮನೆಗೆ ಭೀಮ ಬಂದ. ನಾನು 'ವಲಲ' ಎಂದು ಓದಿದೆ. ಅವನು 'ಬಲ್ಲವ ಎಂಬ ಹೆಸರಿನಿಂದ' ಎಂದು ಅರ್ಥ ಹೇಳಿದ. ಕಂಬಕ್ಕೆ ಒರಗಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು.

"ಟೀಚರಮ್ಮ, ನೀವು ವಲಲ ಅಂತೀರಿ, ಈ ಸ್ವಾಮಿ ಬಲ್ಲವ ಅಂತವ್ರೆ. ಅಲ್ಲಿ ಅಡುಗೆಯವ್ರು ಇಬ್ರು ಇದ್ರಾ?"

ಗುಡಿಯೆಲ್ಲ ನಕ್ಕಿತು. "ಎರಡೂ ಒಂದೇ ಕಣಣ್ಣ" ಅಂದು ಮುಂದಿನ ಪದ್ಯಕ್ಕೆ ಹೋದೆ. ಮೈಸೂರಿನ ಬಸ್ಸು ಹತ್ತಿ ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಆ ಉತ್ತರ ನನಗೇ ಸರಿಕಾಣಲಿಲ್ಲ. ಒಬ್ಬನದೇ ಎರಡು ಹೆಸರು ಎಂದಿದ್ದರೆ ಸರಿ. ಒಂದೇ ಹೆಸರು ಎಂದದ್ದು ತಪ್ಪು. ಈ ವರ್ಷದ ಓದಿಗೆ ಮೊದಲೇ ವಿರಾಟಪರ್ವದ ಹೆಸರುಗಳಿಗೆಲ್ಲ ಒಂದು ಪಟ್ಟಿ ಮಾಡಿ ಗುಡಿಯ ಕಂಬಕ್ಕೆ ಅಂಟಿಸಬೇಕೆಂದು ಹೊರಟೆ. ಮಾಡುತ್ತ ಮಾಡುತ್ತ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ರಾಮಾಯಣವಿರಲಿ, ವಚನವಿರಲಿ, ಜೈನಪುರಾಣವಿರಲಿ, ದಾರಿ ಇದೇ.

ಮೇಜಿನ ಮೇಲೆ ಏನೇನಿದೆ

ಮೊದಲು ಪುಸ್ತಕಗಳ ಜಾತಕ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಒಂದೊಂದು ಅಕ್ಷರ ಕೊಡಿ. ನನ್ನ ಹತ್ತಿರ ನಾಲ್ಕಿದ್ದವು. ಅಜ್ಜನ ಮನೆಯ ಓಲೆಗರಿ ಕಟ್ಟು, ಅದು 'ಓ'. ಅಪ್ಪನ ಅಚ್ಚಿನ ಕುಮಾರವ್ಯಾಸ, ಮುಖಪುಟ ಎಂದೋ ಹರಿದುಹೋದದ್ದು, 'ಅ'. ತಮ್ಮನ ಗದ್ಯಾನುವಾದ 'ಗ'. ಗ್ರಂಥಾಲಯದಲ್ಲಿ ಕೂತು ನೋಡಿದ, ಪುಣೆಯ ಭಂಡಾರಕರ್ ಸಂಸ್ಥೆಯ ಸಂಶೋಧಿತ ಆವೃತ್ತಿ 'ಪು'. ಆ ಸಂಸ್ಥೆ 1919ರಲ್ಲಿ ಶುರುಮಾಡಿ 1966ರಲ್ಲಿ ಮುಗಿಸಿದ ಮಹಾಭಾರತದಲ್ಲಿ ವಿರಾಟಪರ್ವವನ್ನು ಸಂಪಾದಿಸಿದವರು ರಘುವೀರ. ಅದು ಹೊರಬಂದದ್ದು 1936ರಲ್ಲಿ. ಪುಟದ ಅಡಿಯಲ್ಲಿ ಯಾವ ಪ್ರತಿಯಲ್ಲಿ ಯಾವ ಪಾಠ, ಅಂದರೆ ಆ ಮಾತು ಅಲ್ಲಿ ಯಾವ ರೂಪದಲ್ಲಿದೆ ಎಂದು ಸಣ್ಣಕ್ಷರದಲ್ಲಿ ಕೊಟ್ಟಿರುತ್ತಾರೆ. ನಮಗೆ ಬೇಕಾದ ಸರಕು ಅಲ್ಲೇ ಇರುವುದು, ಮೇಲಿನ ದಪ್ಪಕ್ಷರದಲ್ಲಲ್ಲ.

ಜಾತಕದಲ್ಲಿ ಮುಖ್ಯವಾದ ಮನೆ ಒಂದೇ: ಈ ಪುಸ್ತಕ ಯಾವ ಲಿಪಿಯ ಪುಸ್ತಕ ನೋಡಿ ಆಯಿತು? ಕನ್ನಡ ಓಲೆ ನೋಡಿ ಕನ್ನಡಕ್ಕೆ ಬಂದದ್ದೋ, ನಾಗರಿ ಅಚ್ಚು ನೋಡಿ ಕನ್ನಡಕ್ಕೆ ಬಂದದ್ದೋ? ಹಸುವಿನ ಬಣ್ಣ ಕರುವಿಗೆ ಬರುವಂತೆ ತಾಯಿ ಪ್ರತಿಯ ಲಿಪಿಯ ಗುಣದೋಷ ಮಗಳು ಪ್ರತಿಗೆ ಬಂದಿರುತ್ತದೆ. ಇದರ ಉಪಯೋಗ ಆಮೇಲೆ ಹೇಳುತ್ತೇನೆ.

ಮನೆಯಲ್ಲಿ ಓಲೆಗರಿ ಇಲ್ಲದವರು ಕೊರಗಬೇಕಿಲ್ಲ. ಮೈಸೂರಿನಲ್ಲಿ 1891ರಲ್ಲಿ ಹುಟ್ಟಿದ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ, ಮಾನಸಗಂಗೋತ್ರಿಯಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ, ಮಂಡ್ಯದ ಕಡೆಯವರಿಗೆ ಮೇಲುಕೋಟೆಯಲ್ಲಿ ಸಂಸ್ಕೃತ ಸಂಶೋಧನಾ ಸಂಸತ್ತು ಇದೆ. ಹೋದರೆ ಹಸ್ತಪ್ರತಿಯ ಕ್ರಮಸಂಖ್ಯೆ ಬರೆದುಕೊಳ್ಳದೆ ವಾಪಸು ಬರಬೇಡಿ. ಸಂಖ್ಯೆ ಇಲ್ಲದ ಪಾಠ ವಿಳಾಸವಿಲ್ಲದ ಕಾಗದ.

ಮನೆಯ ಗರಿಯನ್ನೇ ಬಿಚ್ಚುವುದಾದರೆ ಒಂದು ಮಾತು. ಅಕ್ಷರ ಕಾಣುತ್ತಿಲ್ಲವೆಂದು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಕಂಟದಲ್ಲಿ, ಅಂದರೆ ಓಲೆಯ ಮೇಲೆ ಬರೆಯುವ ಕಬ್ಬಿಣದ ಮೊನೆಯಲ್ಲಿ, ಗೀರಿದ ಗೆರೆ ಹಾಗೇ ಇರುತ್ತದೆ, ಮೇಲೆ ತುಂಬಿದ ಮಸಿ ಹೋಗಿರುತ್ತದೆ, ಅಷ್ಟೇ. ಕಿಟಕಿಯ ಪಕ್ಕ ಓರೆ ಬೆಳಕಿನಲ್ಲಿ ಹಿಡಿದರೆ ಅರ್ಧಕ್ಕರ್ಧ ಓದಲು ಬರುತ್ತದೆ. ನಾನು ಬೆಳಗ್ಗೆ ಎಂಟರಿಂದ ಒಂಬತ್ತೂವರೆಯವರೆಗೆ ಮಾತ್ರ ಗರಿ ಮುಟ್ಟುತ್ತೇನೆ. ಆಮೇಲೆ ಬಿಸಿಲು ನೆತ್ತಿಗೇರಿ ಗೀರು ಮಾಯವಾಗುತ್ತದೆ.

ತಿದ್ದದೆ ಬರೆದುಕೊಳ್ಳುವುದು

ಇದು ಹೇಳಲು ಸುಲಭ, ಮೇಷ್ಟರಾದವರಿಗೆ ಮಾತ್ರ ಮಹಾ ಕಷ್ಟ. ಕೈಯಲ್ಲಿ ಕೆಂಪು ಪೆನ್ನು ಹಿಡಿದೇ ಕೂದಲು ಹಣ್ಣಾಗಿರುತ್ತದೆ.

ನನ್ನ ತಪ್ಪನ್ನೇ ಹೇಳುತ್ತೇನೆ. ಹದಿನೈದು ವರ್ಷದ ಹಿಂದೆ ಇದೇ ಪುಣೆಯ ಆವೃತ್ತಿಯಿಂದ ಶ್ಲೋಕಗಳನ್ನು ಕನ್ನಡ ಲಿಪಿಯಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಅರ್ಜುನನ ಮಾರುವೇಷದ ಹೆಸರು ಅಲ್ಲಿ 'ಬೃಹನ್ನಡಾ' ಎಂದಿತ್ತು. ಅಚ್ಚಿನ ತಪ್ಪು ಅಂದುಕೊಂಡು, ಹೋದಲ್ಲೆಲ್ಲ 'ಬೃಹನ್ನಳಾ' ಎಂದು ಸರಿಮಾಡುತ್ತ ಹೋದೆ. ಆಮೇಲೆ ತಿಳಿದದ್ದು: ಅದು ತಪ್ಪಲ್ಲ, ಸಂಪಾದಕರು ಹಲವು ಪ್ರತಿ ತೂಗಿ ಆರಿಸಿದ ಪಾಠ. ನಡ ಎಂದರೂ ಜೊಂಡು, ನಲ ಎಂದರೂ ಜೊಂಡು. ಡ, ಲ, ಳ ಒಂದರ ಜಾಗಕ್ಕೊಂದು ಬರುವುದು ವೇದದಷ್ಟು ಹಳೆಯದು. ಋಗ್ವೇದದ ಮೊದಲ ಮಂತ್ರ 'ಅಗ್ನಿಮೀಳೇ' ಎನ್ನುತ್ತದಲ್ಲ, ಅಲ್ಲಿರುವ ಧಾತು ಈಡ್. ಎರಡು ಸ್ವರಗಳ ನಡುವೆ ಸಿಕ್ಕ ಡಕಾರ ಅಲ್ಲಿ ಳಕಾರವಾಗಿದೆ. ಪಂಡಿತರು 'ಡಲಯೋರಭೇದಃ', ಡ ಲ ಗಳಿಗೆ ಭೇದವಿಲ್ಲ, ಎಂದು ಸುಮ್ಮನೆ ಹೇಳುವುದಿಲ್ಲ. ನಾನು ತಿದ್ದಿದ ನೋಟ್‌ಬುಕ್ಕಿನಲ್ಲಿ ಯಾವ ಳ ಪುಸ್ತಕದ್ದು, ಯಾವುದು ನನ್ನದು ಎಂದು ಈಗ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಪೂರ್ತಿ ಮತ್ತೆ ಬರೆದೆ.

ಆದ್ದರಿಂದ: ಹೆಸರನ್ನು ಇದ್ದಂತೆಯೇ ಬರೆಯಿರಿ, ವಿಭಕ್ತಿ ಸಮೇತ, ಸಂಧಿ ಸಮೇತ, ಪದ್ಯದ ಸಂಖ್ಯೆ ಸಮೇತ. ನಿಮ್ಮ ಅಭಿಪ್ರಾಯಕ್ಕೆ ಪಕ್ಕದಲ್ಲಿ ಬೇರೆ ಮನೆ ಇರಲಿ. 'ಉತ್ತರಗೆ' ಎಂದಿದ್ದರೆ 'ಉತ್ತರಗೆ' ಎಂದೇ ಬರೆಯಿರಿ. ಇದಂತೂ ವಿರಾಟಪರ್ವದ ದೊಡ್ಡ ಹಳ್ಳ. ಉತ್ತರ ಅಣ್ಣ, ಉತ್ತರೆ ತಂಗಿ. ಲಿಪಿಕಾರ ಒಂದು ಎತ್ವ ಬಿಟ್ಟರೆ ಬೃಹನ್ನಳೆ ಕುಣಿತ ಕಲಿಸಿದ್ದು ಅಣ್ಣನಿಗೆ ಎಂದಾಗುತ್ತದೆ. ಕೃಷ್ಣನ ಕಥೆಯೂ ಇದೇ. ಕೃಷ್ಣ ವಾಸುದೇವ, ಕೃಷ್ಣೆ ದ್ರೌಪದಿ, ಮೇಲಾಗಿ ಅರ್ಜುನನ ಹತ್ತು ಹೆಸರಿನಲ್ಲಿ ಕೃಷ್ಣ ಎಂಬುದೂ ಒಂದು, ಕಥೆ ಬರೆದ ವ್ಯಾಸನೂ ಕೃಷ್ಣ. ಅಕ್ಷರ ನೋಡುವ ಮೊದಲು ಆ ಪದ್ಯದಲ್ಲಿ ಮಾತಾಡುತ್ತಿರುವುದು ಯಾರು, ಯಾರಿಗೆ ಎಂದು ನೋಡಿ. ಪಟ್ಟಿಯ ತಲೆಬರಹ ಹೆಸರಾಗಬಾರದು, ಆಳಾಗಬೇಕು. ನನ್ನ ಪಟ್ಟಿಯಲ್ಲಿ ಮೊದಲ ಮನೆ 'ವಲಲ' ಅಲ್ಲ, 'ಭೀಮ, ಅಡುಗೆಯವನ ವೇಷದಲ್ಲಿ'.

ಕೊನೆಯ ಗರಿಯನ್ನೂ ಬಿಡದೆ ಓದಿ. ಎಷ್ಟೋ ಪ್ರತಿಗಳ ಕೊನೆಯಲ್ಲಿ ಬರೆದವರು 'ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ' ಎಂಬ ಶ್ಲೋಕ ಹಾಕಿರುತ್ತಾರೆ. ಎಂಥ ಪುಸ್ತಕ ನೋಡಿದೆನೋ ಅಂಥದೇ ಬರೆದೆ, ತಪ್ಪೋ ಒಪ್ಪೋ ನನ್ನ ದೋಷವಿಲ್ಲ, ಎಂದು. ಕೈ ತೊಳೆದುಕೊಳ್ಳುವ ಮಾತಿನಂತೆ ಕೇಳಿದರೂ ನಮ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ಇನ್ನೊಂದಿಲ್ಲ.

ಜಗಳವೇ ಅಲ್ಲದ ಜಗಳಗಳು

ಪಟ್ಟಿ ನೂರು ಸಾಲು ದಾಟಿದಾಗ ಗಾಬರಿಯಾಗುತ್ತದೆ. ಜರಡಿ ಹಿಡಿದರೆ ಅರ್ಧ ಉದುರಿಹೋಗುತ್ತದೆ. ಬೃಹನ್ನಳಾ–ಬೃಹನ್ನಳೆ, ಸುದೇಷ್ಣಾ–ಸುದೇಷ್ಣೆ, ಸೀತಾ–ಸೀತೆ: ಸಂಸ್ಕೃತದ ಆಕಾರ ಕನ್ನಡಕ್ಕೆ ಬರುವಾಗ ಎಕಾರವಾಗುವುದು ನಮ್ಮ ಭಾಷೆಯ ನಡೆ, ಭೇದವಲ್ಲ. ಅರ್ಜ್ಜುನ, ಕರ್ಣ್ಣ, ದುರ್ಯ್ಯೋಧನ: ರೇಫದ, ಅಂದರೆ ರಕಾರದ, ಮುಂದಿನ ವ್ಯಂಜನ ಇಮ್ಮಡಿಯಾಗುವುದಕ್ಕೆ ಪಾಣಿನಿಯೇ ಪರವಾನಗಿ ಕೊಟ್ಟಿದ್ದಾನೆ, ಹಳೆಯ ಶಾಸನಗಳ ತುಂಬ ಇದೇ. ಪಾಂಡವ–ಪಾಣ್ಡವ ಸೊನ್ನೆಯ ವಿಷಯ. ನಲ–ನಳ ಎಂಬಲ್ಲಿ ಸಂಸ್ಕೃತದ ಲಕಾರ ಕನ್ನಡದ ಬಾಯಲ್ಲಿ ಳಕಾರವಾಗಿದೆ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಇದನ್ನು ಕ್ಷಳ ಎಂದು ಕರೆದು ಅಚ್ಚಗನ್ನಡದ ಳಕಾರದಿಂದ ಬೇರೆ ಇಟ್ಟಿದ್ದಾನೆ. ಹಳೆಯ ಬರಹದಲ್ಲಿ ಎ–ಏ, ಒ–ಓ ಬೇರೆ ಬೇರೆ ತೋರಿಸುತ್ತಿರಲಿಲ್ಲ ಎನ್ನುವುದೂ ನೆನಪಿರಲಿ. ತದ್ಭವಗಳದ್ದು ಇನ್ನೊಂದು ಬಳಗ. ಲಕ್ಷ್ಮಿ ಲಕುಮಿಯಾಗುತ್ತಾಳೆ, ಸರಸ್ವತಿ ಸರಸತಿ, ವೃಷಭ ಬಸವ, ವಿಷ್ಣು ಬಿಟ್ಟಿ. ನಮ್ಮ ತೊಣ್ಣೂರು–ಮೇಲುಕೋಟೆ ಕಡೆ ಬಿಟ್ಟಿದೇವನೇ ವಿಷ್ಣುವರ್ಧನ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇವನ್ನೆಲ್ಲ ಒಂದೇ ಸಾಲಿಗೆ ಸೇರಿಸಿ, 'ರೂಪ' ಎಂದು ಬರೆದು ಮುಂದೆ ಹೋಗಿ. ಉಳಿದದ್ದು ನಿಜವಾದ ಕೆಲಸ.

ಕಿವಿಯ ತಪ್ಪು, ಕಣ್ಣಿನ ತಪ್ಪು

ಬರೆಯುವವನು ಹೇಳಿದ್ದನ್ನು ಕೇಳಿ ಬರೆದನೋ, ಇದ್ದದ್ದನ್ನು ನೋಡಿ ಬರೆದನೋ? ಎರಡರ ತಪ್ಪುಗಳೂ ಬೇರೆ ಬೇರೆ.

ನಮ್ಮ ಬಾಯಲ್ಲಿ ಋಕಾರ ರು ಆಗುತ್ತದೆ. ಉತ್ತರದವರ ಬಾಯಲ್ಲಿ ರಿ. ಅದಕ್ಕೇ ನನ್ನ ಓಲೆಯಲ್ಲಿ ದ್ರುಪದ 'ದೃಪದ' ಆಗಿದ್ದಾನೆ, ಬೃಹನ್ನಳೆ ಒಂದೆರಡು ಕಡೆ 'ಬ್ರುಹಂನಳೆ'. ಇದು ಕಿವಿಯ ತಪ್ಪು. ಮಹಾಪ್ರಾಣದ ಒತ್ತು ಸಡಿಲವಾಗುವುದೂ ಕಿವಿಯದ್ದೇ: ಧೃಷ್ಟದ್ಯುಮ್ನ ದೃಷ್ಟದ್ಯುಮ್ನನಾಗುತ್ತಾನೆ, ಬಭ್ರುವಾಹನ ಬಬ್ರುವಾಹನನಾಗುತ್ತಾನೆ. (ಬಭ್ರು ಎಂದರೆ ಕಂದು ಬಣ್ಣ. ಬಬ್ರು ಎಂದರೆ ಏನೂ ಅಲ್ಲ.) ಅಶ್ವತ್ಥಾಮನ ಒತ್ತಂತೂ ಎಲ್ಲಿಗೆ ಹಾಕಬೇಕೆಂದು ನನ್ನ ಮೂವತ್ತೊಂದು ವರ್ಷದ ಮಕ್ಕಳಲ್ಲಿ ಹತ್ತು ಜನಕ್ಕೆ ಗೊತ್ತಿತ್ತು. ಶ, ಷ, ಸ ಗಳ ಗೊಂದಲ ಮಾತ್ರ ಬರೀ ಕಿವಿಯದ್ದಲ್ಲ. ವಸಿಷ್ಠ–ವಶಿಷ್ಠ, ಕೌಸಲ್ಯೆ–ಕೌಶಲ್ಯೆ, ಋಶ್ಯಶೃಂಗ–ಋಷ್ಯಶೃಂಗ ಇವು ಸಂಸ್ಕೃತದ ಅಚ್ಚಿನ ಪುಸ್ತಕಗಳಲ್ಲೇ ಎರಡೂ ಬಗೆಯಲ್ಲಿ ಇವೆ. ಕನ್ನಡ ಲಿಪಿಕಾರನ ತಲೆಗೆ ಕಟ್ಟಬೇಡಿ.

ಕಣ್ಣಿನ ತಪ್ಪಿಗೆ ತಾಯಿ ಲಿಪಿ ಬೇಕು, ಮೊದಲು ಹೇಳಿದ ಜಾತಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಕನ್ನಡದಲ್ಲಿ ಬ ಮತ್ತು ವ ಒಂದನ್ನೊಂದು ಹೋಲುವುದಿಲ್ಲ. ನಾಗರಿಯಲ್ಲಿ ಹೊಟ್ಟೆಯೊಳಗೆ ಒಂದು ಗೆರೆ ಇದ್ದರೆ ಬ, ಇಲ್ಲದಿದ್ದರೆ ವ. ಬಂಗಾಳಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಆದ್ದರಿಂದ ಬಾಹ್ಲೀಕ–ವಾಹ್ಲೀಕ, ಬಲ್ಲವ–ವಲ್ಲವ ಎಂದು ಹೆಸರು ತೂಗಾಡುತ್ತಿದ್ದರೆ ಆ ಪುಸ್ತಕದ ಹಿಂದೆ ಉತ್ತರದ ಲಿಪಿ ಇದೆಯೇ ಎಂದು ನೋಡಿ. ಕನ್ನಡದ ಕಣ್ಣಿನ ತಪ್ಪುಗಳು ಬೇರೆ: ದ–ಧ, ಬ–ಭ, ಪ–ಷ, ಪ–ಫ. ಇಲ್ಲೆಲ್ಲ ವ್ಯತ್ಯಾಸ ಒಂದು ಸಣ್ಣ ಗೀಟಿನದು, ಓಲೆಯಲ್ಲಿ ಮಸಿ ಹೋದಾಗ ಮೊದಲು ಕಾಣದಾಗುವುದೂ ಅದೇ ಗೀಟು. 'ಸುಧೇಷ್ಣೆ' ಎಂದು ಕಂಡರೆ ಕಂಟ ಅಲ್ಲಿ ನಿಜವಾಗಿ ಗೀರಿದೆಯೋ, ಗರಿಯ ನಾರೋ ಎಂದು ಭೂತಗನ್ನಡಿ ಹಿಡಿದು ನೋಡಿ.

ಕಿವಿ, ಕಣ್ಣು ಅಲ್ಲದೆ ಮೂರನೆಯದೊಂದಿದೆ: ಗೊತ್ತಿರುವ ಮಾತಿನ ಕಡೆಗೆ ಹೆಸರು ವಾಲುವುದು. ನಮ್ಮ ಮಂಡ್ಯಕ್ಕೆ ಹೆಸರು ಕೊಟ್ಟನೆಂದು ಜನ ನಂಬುವ ಮಾಂಡವ್ಯ ಋಷಿಯನ್ನೇ ನೋಡಿ. ಶೂಲಕ್ಕೇರಿಸಿದ ಮೇಲೆ ಅದರ ಮೊನೆ ಮೈಯಲ್ಲೇ ಉಳಿದು ಅಣೀಮಾಂಡವ್ಯನಾದ. ಕನ್ನಡದಲ್ಲಿ 'ಅಣಿ' ಎಂದರೆ ಸಿದ್ಧ, ಚುಚ್ಚುವುದು 'ಆಣಿ'. ಕಥೆ ಕೇಳಿದ ಕನ್ನಡಿಗ ಆಣಿಮಾಂಡವ್ಯ ಎಂದು ಬರೆದರೆ ಅವನ ಕಿವಿಯೂ ತಪ್ಪಿಲ್ಲ, ಕಣ್ಣೂ ತಪ್ಪಿಲ್ಲ. ಅರ್ಥ ಹೊಂದಿಸಿಕೊಂಡಿದ್ದಾನೆ. ಇಂಥ ಕಡೆ ಪಟ್ಟಿಯಲ್ಲಿ 'ಅರ್ಥದ ಎಳೆತ' ಎಂದು ಬರೆಯು­ತ್ತೇನೆ.

ಸಾಕ್ಷಿ ಹೇಳುವ ಪದ್ಯ

ಗದ್ಯದಲ್ಲಿ ಹೆಸರು ಅನಾಥ. ಪದ್ಯದಲ್ಲಿ ಅದಕ್ಕೆ ಎರಡು ಕಾವಲು, ಪ್ರಾಸ ಮತ್ತು ಮಾತ್ರೆ. ನಮ್ಮ ಷಟ್ಪದಿಯಲ್ಲಿ ಆರೂ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಮೊದಲ ಅಕ್ಷರಗಳ ಗುರುಲಘುವೂ ಒಂದೇ ಇರಬೇಕು. ಎಲ್ಲರಿಗೂ ಬಾಯಿಪಾಠವಾದ ಕುಮಾರವ್ಯಾಸನ ಮೊದಲ ಪದ್ಯವನ್ನೇ ತೆಗೆದುಕೊಳ್ಳಿ. ಸಾಲುಗಳು ಶುರುವಾಗುವುದು ಹೀಗೆ: ಶ್ರೀವನಿತೆ, (ರಾ)ಜೀವ, ಪಾವನನೆ, ರಾವಣಾ, (ಸು)ಧಾವಿನೂತನ, ಕಾವುದು. ನಾಲ್ಕನೆಯ ಸಾಲು 'ರಾವಣಾಸುರಮಥನ ಶ್ರವಣ ಸು' ಎಂದು. ಯಾವ ಪ್ರತಿಯಲ್ಲಾದರೂ ಇಲ್ಲಿ 'ರಾಬಣ' ಎಂದು ಬಂದಿದ್ದರೆ, ರಾಶಿ ಪ್ರತಿ ಹುಡುಕುವುದು ಬೇಡ. ಉಳಿದ ಐದು ಸಾಲಿನ ವಕಾರವೇ ಅದನ್ನು ತಳ್ಳಿಹಾಕುತ್ತದೆ.

ಇನ್ನು ಮಾತ್ರೆ. ಕುಮಾರವ್ಯಾಸನದು ಭಾಮಿನಿ ಷಟ್ಪದಿ; ಅದರ ಈ ಸಾಲು ಮೂರು–ನಾಲ್ಕು, ಮೂರು–ನಾಲ್ಕು, ಒಟ್ಟು ಹದಿನಾಲ್ಕು. ರಾವ, ಣಾಸುರ, ಮಥನ, ಶ್ರವಣಸು. 'ಣಾ'ದ ದೀರ್ಘ ಬಿಟ್ಟು 'ರಾವಣಸುರ' ಎಂದರೆ ಹದಿಮೂರಕ್ಕೆ ಬಿದ್ದು ಗಮಕಿಯ ತಾಳ ತಪ್ಪುತ್ತದೆ. ಎಣಿಸುವವರಿಗೆ ಒಂದು ಎಚ್ಚರಿಕೆ: 'ಶ್ರ' ಒತ್ತಕ್ಷರವಾದ್ದರಿಂದ ಹಿಂದಿನ 'ನ' ಗುರುವಾಗಬೇಕಿತ್ತಲ್ಲ ಎಂದು ಕೇಳಬಹುದು. ಇಲ್ಲಿ ತೇಲಿಸಿ ಓದುತ್ತಾರೆ, ನ ಲಘುವಾಗಿಯೇ ಉಳಿಯುತ್ತದೆ. ಅಪ್ಪ ಇಂಥ ಕಡೆ ಎಣಿಸುತ್ತಿರಲಿಲ್ಲ, ಹಾಡಿ ನೋಡುತ್ತಿದ್ದರು. ಕಂಠವಿದ್ದವರು ಹಾಗೇ ಮಾಡಿ.

ಸಂಸ್ಕೃತದ ಅನುಷ್ಟುಪ್ಪಿಗೂ ಕಾವಲಿದೆ, ಆದರೆ ಎಲ್ಲ ಬಾಗಿಲಿಗೂ ಇಲ್ಲ. ಗುಡುಗಿದಾಗ ಹೇಳುವ ಅರ್ಜುನನ ಹತ್ತು ಹೆಸರು ವಿರಾಟಪರ್ವದವೇ: 'ಅರ್ಜುನಃ ಫಲ್ಗುನೋ ಜಿಷ್ಣುಃ ಕಿರೀಟೀ ಶ್ವೇತವಾಹನಃ'. ಪ್ರತಿ ಪಾದದಲ್ಲಿ ಐದನೆಯ ಅಕ್ಷರ ಲಘು, ಆರನೆಯದು ಗುರು. 'ಶ್ವೇತವಾಹನ'ದ 'ವಾ' ಆರನೆಯದು, ಆದ್ದರಿಂದ ಅದರ ದೀರ್ಘವನ್ನು ಯಾರೂ ಅಲುಗಿಸುವಂತಿಲ್ಲ. ಆದರೆ ಫಲ್ಗುನನೋ ಫಾಲ್ಗುನನೋ ಎಂದು ಕೇಳಿದರೆ ಛಂದಸ್ಸು ಬಾಯಿ ಬಿಡುವುದಿಲ್ಲ. ಮುಂದೆ ಲ್ಗು ಇರುವುದರಿಂದ ಫ ಬರೆದರೂ ಗುರು, ಫಾ ಬರೆದರೂ ಗುರು. ಸಾಕ್ಷಿ ಸುಮ್ಮನಿದ್ದಾಗ ಅದರ ಬಾಯಿಂದ ಹೇಳಿಸಲು ಹೋಗಬಾರದು, ಎರಡನ್ನೂ ಬರೆದುಕೊಳ್ಳಿ.

ಅದೇ ಹೆಸರಿನ ಕೊನೆಯ ಅಕ್ಷರಕ್ಕೆ ವ್ಯಾಕರಣ ಸಾಕ್ಷಿ ಹೇಳುತ್ತದೆ. ನ ಣ ಆಗಬೇಕಾದರೆ ಹಿಂದೆ ಋ, ರ ಅಥವಾ ಷ ಇರಬೇಕು. ಫಲ್ಗುನದಲ್ಲಿ ಮೂರೂ ಇಲ್ಲ. 'ಫಾಲ್ಗುನೇ ಗಗನೇ ಫೇನೇ ಣತ್ವಮಿಚ್ಛಂತಿ ಬರ್ಬರಾಃ' ಎಂದು ಪಂಡಿತರ ಹಾಸ್ಯವೇ ಇದೆ: ಈ ಮೂರು ಕಡೆ ಣಕಾರ ಬಯಸುವವರು ಒರಟರು, ಎಂದು. ನನ್ನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಶಿವರಾತ್ರಿ ಕಳೆದ ಮೇಲೆ ಬರುವ ತಿಂಗಳು 'ಫಾಲ್ಗುಣ'. ಕನ್ನಡದಲ್ಲಿ ಅದು ನಡೆದುಹೋಗಿದೆ, ನಾನೂ ಹಾಗೇ ಅನ್ನುತ್ತೇನೆ, ಬರ್ಬರಳೆನಿಸಿಕೊಂಡರೂ ಚಿಂತೆಯಿಲ್ಲ.

ವ್ಯಾಕರಣವನ್ನು ಅರ್ಧ ಕಲಿತವರು ಮಾಡುವ ಅನಾಹುತವೂ ಉಂಟು. ವಿಶ್ವ ಮತ್ತು ಮಿತ್ರ ಸೇರಿದರೆ 'ವಿಶ್ವಮಿತ್ರ' ಆಗಬೇಕು, ದೀರ್ಘ ಯಾಕೆ ಎಂದು ತಿದ್ದಲು ಹೊರಟವರನ್ನು ಕಂಡಿದ್ದೇನೆ. ಋಷಿಯ ಹೆಸರಾದಾಗ ದೀರ್ಘ ಬರುತ್ತದೆ ಎಂದು ಪಾಣಿನಿ ಪ್ರತ್ಯೇಕ ಸೂತ್ರವನ್ನೇ ಬರೆದಿದ್ದಾನೆ. ಶೂರ್ಪಣಖಾ ಎಂಬಲ್ಲಿ ಣ ಬರುವುದೂ, ಕೊನೆಯಲ್ಲಿ ಈಕಾರ ಬಾರದೆ ಆಕಾರ ಬರುವುದೂ ಅದು ಅಂಕಿತನಾಮ ಎನ್ನುವ ಕಾರಣಕ್ಕೇ. ಕನ್ನಡದವರು ಶೂರ್ಪನಖಿ ಎಂದು ಕರೆದು ರೂಢಿಯಾಗಿದೆ. ಹಾಗೆಂದು ಸಂಸ್ಕೃತದ ಪ್ರತಿಯನ್ನು ಕನ್ನಡದ ರೂಢಿಗೆ ತಿದ್ದಬಾರದು, ಕನ್ನಡದ ಪ್ರತಿಯನ್ನು ಸಂಸ್ಕೃತದ ಸೂತ್ರಕ್ಕೂ ತಿದ್ದಬಾರದು.

ಅರ್ಥದ ಸಾಕ್ಷಿ ಕೆಲವು ಕಡೆ ಸೊಗಸಾಗಿ ಒದಗುತ್ತದೆ. ದನ ನೋಡಿಕೊಳ್ಳಲು ಬಂದ ಸಹದೇವ ತಂತಿಪಾಲನೋ ತಂತ್ರಿಪಾಲನೋ? ತಂತಿ ಎಂದರೆ ದನ ಕಟ್ಟುವ ಹಗ್ಗ. ಕೆಲಸಕ್ಕೆ ಹೆಸರು ಒಪ್ಪುತ್ತದೆ. ತಂತ್ರಿಪಾಲ ಎಂದು ಬರೆದವನಿಗೆ ಹಗ್ಗ ಗೊತ್ತಿರಲಿಲ್ಲ, ವೀಣೆ ಗೊತ್ತಿತ್ತೇನೋ.

ಹಾಗಾದರೆ ವಲಲ?

ಈಗ ಆ ಹಿರಿಯರಿಗೆ ನಾನು ಕೊಡಬೇಕಾಗಿದ್ದ ಉತ್ತರ. ಬಲ್ಲವ–ವಲ್ಲವ ನಡುವೆ ಇರುವುದು ಒಂದು ಗೆರೆ. ಎರಡಕ್ಕೂ ಅಡುಗೆಯವನು, ಗೊಲ್ಲ ಎಂಬ ಅರ್ಥವಿದೆ. ಇವು ಒಂದೇ ಹೆಸರಿನ ಎರಡು ಬರಹ. ವಲಲ ಹಾಗಲ್ಲ. ಬಲ್ಲವದಿಂದ ಕೈತಪ್ಪಿ ಅಲ್ಲಿಗೆ ಬರಬೇಕಾದರೆ ಮೂರು ಕಡೆ ತಪ್ಪಬೇಕು. ಅದೂ ಅಲ್ಲದೆ ತೆಲುಗಿನಲ್ಲಿ ತಿಕ್ಕನನ ಭಾರತದಲ್ಲೂ ಭೀಮ ವಲಲನೇ. ಕನ್ನಡದ ಕವಿ, ತೆಲುಗಿನ ಕವಿ ಇಬ್ಬರೂ ಒಂದೇ ಹೆಸರು ಹೇಳುತ್ತಾರೆಂದರೆ ಅದು ಯಾರದೋ ಕಂಟ ಜಾರಿದ್ದಲ್ಲ, ನಮ್ಮ ದಕ್ಷಿಣದಲ್ಲಿ ಹರಿದು ಬಂದ ಬೇರೆಯದೇ ಕಾಲುವೆ. ನಕುಲನದೂ ಹೀಗೆಯೇ: ಪುಣೆಯಲ್ಲಿ ಗ್ರಂಥಿಕ, ತೆಲುಗಿನಲ್ಲಿ ದಾಮಗ್ರಂಥಿ.

ಇಂಥ ಹೆಸರನ್ನು ಯಾವ ಕಾರಣಕ್ಕೂ ಒಂದು ಮಾಡಬೇಡಿ. ನಾನು ಪಟ್ಟಿಯಲ್ಲಿ ಕಾರಣದ ಮನೆಗೆ ಐದೇ ಪದ ಇಟ್ಟುಕೊಂಡಿದ್ದೇನೆ: ರೂಪ, ಕಿವಿ, ಕಣ್ಣು, ಅರ್ಥ, ಕವಲು. ಮೊದಲ ನಾಲ್ಕರಲ್ಲಿ ಓದುಗರ ಅನುಕೂಲಕ್ಕೆ ಒಂದನ್ನು ಆರಿಸಬಹುದು. 'ಕವಲು' ಎಂದಾದರೆ ಆಯಾ ಪುಸ್ತಕದಲ್ಲಿ ಆಯಾ ಹೆಸರು. ಭೀಮನ ಸಾಲು ಹೀಗಿದೆ:

ಭೀಮ, ಅಡುಗೆಯವನ ವೇಷದಲ್ಲಿ. ಓ: ವಲಲ. ಅ: ವಲಲ. ಗ: ಬಲ್ಲವ. ಪು: ಬಲ್ಲವ, ಅಡಿಟಿಪ್ಪಣಿ ನೋಡಿ. ಕಾರಣ: ಕವಲು. ಓದುವಾಗ ವಲಲ; ಅರ್ಥ ಹೇಳುವಾಗಲೂ ವಲಲ, 'ಸಂಸ್ಕೃತದಲ್ಲಿ ಬಲ್ಲವ' ಎಂದು ಒಂದು ಸಲ ಹೇಳಿದರೆ ಸಾಕು.

ಯಾವ ಕವಲು ಹಿರಿದು ಎಂದು ತೀರ್ಪು ಕೊಡುವ ಚಪಲ ಬರುತ್ತದೆ. ಮೈಸೂರಿನವರಿಗೆ ಇದರ ರುಚಿ ಗೊತ್ತು. 1905ರಲ್ಲಿ ಇಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಅರ್ಥಶಾಸ್ತ್ರದ ಓಲೆಗರಿ ಬಂತು, 1909ರಲ್ಲಿ ಅಚ್ಚಾಯಿತು, ಲೋಕವೆಲ್ಲ ಕೌಟಿಲ್ಯ ಎಂದಿತು. ಆಮೇಲೆ ತಿರುವನಂತಪುರದ ಗಣಪತಿಶಾಸ್ತ್ರಿಗಳು ತಮ್ಮ ಆವೃತ್ತಿಯಲ್ಲಿ, ಕುಟಲ ಎಂಬ ಗೋತ್ರದಿಂದ ಬಂದದ್ದು ಕೌಟಲ್ಯ, ಅದೇ ಸರಿ ಎಂದರು. ಒಂದು ಇಕಾರಕ್ಕೆ ಎರಡು ಊರಿನ ಪಂಡಿತರು! ಇಬ್ಬರೂ ತಮ್ಮ ಮುಂದಿದ್ದದ್ದನ್ನು ಮುಚ್ಚಿಡಲಿಲ್ಲವಾದ್ದರಿಂದಲೇ ನಾವು ಇವತ್ತು ಎರಡನ್ನೂ ಇಟ್ಟು ಮಾತಾಡಲು ಸಾಧ್ಯವಾಗಿದೆ.

ಫೋನಿನಲ್ಲಿ ಹುಡುಕುವವರಿಗೆ

ಈಗ ಬಹಳಷ್ಟು ಪಠ್ಯ ಕಂಪ್ಯೂಟರಿನಲ್ಲೇ ಸಿಗುತ್ತದೆ. ಪೂರ್ತಿ ಹೆಸರು ಟೈಪ್ ಮಾಡಿ ಹುಡುಕಿದರೆ ಮುಕ್ಕಾಲು ಪಾಲು ಕಳೆದುಹೋಗುತ್ತದೆ. ಬದಲಾಗದ ತುಂಡನ್ನು ಹುಡುಕಿ. ಬೃಹನ್ನಳೆಗೆ 'ನ್ನಳ' ಒಂದು ಸಲ, 'ಂನಳ' ಒಂದು ಸಲ, 'ನ್ನಲ', 'ನ್ನಡ' ಒಂದೊಂದು ಸಲ. 'ನ್ನಡ' ಎಂದರೆ ಕನ್ನಡವೆಲ್ಲ ಬಂದು ಬೀಳುತ್ತದೆ, ತಾಳ್ಮೆಯಿರಲಿ. ಹಳೆಯ ಫಾಂಟುಗಳಿಂದ ಯುನಿಕೋಡಿಗೆ ತಿರುಗಿಸಿದ ಕಡತಗಳಲ್ಲಿ ದೀರ್ಘ, ಅರ್ಕಾವೊತ್ತು ಜಾರಿಹೋಗಿರುವುದುಂಟು. ಅದು ಯಂತ್ರದ ತಪ್ಪು, ಪಾಠಾಂತರವೆಂದು ಬರೆದುಕೊಂಡು ಬೀಗಬೇಡಿ. ಅನುಮಾನ ಬಂದರೆ ಅಚ್ಚಿನ ಪುಟದ ಚಿತ್ರ ನೋಡಿ.

ಪಟ್ಟಿ ಈ ವರ್ಷ ಜ್ಯೇಷ್ಠದಲ್ಲೇ ಮುಗಿಯಿತು. ಎರಡು ದೊಡ್ಡ ಹಾಳೆ, ದಪ್ಪ ಸ್ಕೆಚ್ ಪೆನ್ನು. ಓದಿನ ಹಿಂದಿನ ಸಂಜೆ ಗುಡಿಯ ಕಂಬಕ್ಕೆ ಮೈದಾ ಅಂಟು ಹಾಕಿ ಅಂಟಿಸುತ್ತಿದ್ದಾಗ ಅದೇ ಹಿರಿಯರು ಬಂದರು. ಬೆರಳಿಟ್ಟು ಭೀಮನ ಸಾಲು ಓದಿದರು. ಆಮೇಲೆ ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದರು. ಪಹಣಿಯಲ್ಲಿ ಅವರು ಚಲುವೇಗೌಡ, ಆಧಾರಿನಲ್ಲಿ ಚೆಲುವೇಗೌಡ, ಬ್ಯಾಂಕಿನ ಪುಸ್ತಕದಲ್ಲಿ ಚಲುವೆಗೌಡ.

"ಇದು ಕಿವಿದಾ ಕಣ್ಣಿಂದಾ ಟೀಚರಮ್ಮ?" ಎಂದು ಕೇಳಿದರು.

ಮೊದಲೆರಡು ಕಿವಿ, ಮೂರನೆಯದು ಟೈಪ್ ಮಾಡಿದವರ ಬೆರಳು ಎಂದೆ. ಬೆರಳಿಗೆ ನನ್ನ ಪಟ್ಟಿಯಲ್ಲಿ ಮನೆ ಇರಲಿಲ್ಲ. ಮನೆಗೆ ಬಂದು ಆರನೆಯ ಪದವಾಗಿ ಅದನ್ನು ಸೇರಿಸಿದ್ದೇನೆ. ಓಲೆಯಲ್ಲಿ ಸೈರಂಧ್ರಿ ಬರುವ ಗರಿಯೊಂದಕ್ಕೆ ಹುಳು ಬಿದ್ದು ಎರಡನೆಯ ಅಕ್ಷರವೇ ಇಲ್ಲ, ಸೈರಂಧ್ರಿಯೋ ಸೈರಿಂಧ್ರಿಯೋ ಕಾಣದು. ಆ ಮನೆ ಮಾತ್ರ ಪೆನ್ಸಿಲಿನಲ್ಲಿದೆ.